ಮನೆಯಲ್ಲಿ ಡೇ ಕೇರ್ ನಡೆಸುವವರಿಗೆ: ಮಕ್ಕಳಿಂದಾಗುವ ದುಬಾರಿ ಹಾನಿ ತಡೆಯುವುದು, ಸರಿಪಡಿಸುವುದು, ಲೆಕ್ಕ ಮುಗಿಸುವುದು

ಐದಾರು ಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೆ ಇರುವ ಮನೆಯಲ್ಲಿ ಲೋಟ ಒಡೆಯುತ್ತದೆ, ಚಮಚ ಕಾಣೆಯಾಗುತ್ತದೆ, ಗೋಡೆಗೆ ಗೀಚು ಬೀಳುತ್ತದೆ. ಅದಕ್ಕೆಲ್ಲ ಲೆಕ್ಕ ಇಡುತ್ತ ಕೂತರೆ ಡೇ ಕೇರ್ ನಡೆಸಿದ ಹಾಗೆಯೇ. ದುಡ್ಡು ಸೋರುವ ಜಾಗಗಳು ಬೇರೆ: ಟಿವಿ ಪರದೆ, ಕಟ್ಟಿಕೊಂಡ ಕಮೋಡು, ಒಳಗಿನಿಂದ ಚಿಲಕ ಹಾಕಿಕೊಂಡ ಮಗುವಿಗಾಗಿ ಮುರಿದ ಬಾಗಿಲು, ಮಳೆಗಾಲದಲ್ಲಿ ಒಣಗದೆ ಬೂಸ್ಟು ಹಿಡಿದ ಹಾಸಿಗೆ, ಅಜ್ಜನ ಕಾಲದ ಬೀಟೆ ಮೇಜಿನ ಪಾಲಿಶ್.

ಇಂಥ ಹಾನಿಗಳಲ್ಲಿ ಬಹಳಷ್ಟನ್ನು ಮಗು ಶುರು ಮಾಡುತ್ತದೆ, ದೊಡ್ಡವರು ಮುಗಿಸುತ್ತಾರೆ. ಕಟ್ಟಿದ ಕಮೋಡಿಗೆ ಎರಡನೇ ಸಲ ಫ್ಲಶ್ ಒತ್ತುವುದು, ಮೇಜಿನ ಮೇಲಿನ ಪೆನ್ ಗೀಟಿಗೆ ಸ್ಯಾನಿಟೈಸರ್ ಹಾಕಿ ಉಜ್ಜುವುದು, ಒದ್ದೆ ಮೊಬೈಲನ್ನು ಚಾರ್ಜಿಗೆ ಹಾಕಿ ನೋಡುವುದು ಮಗುವಲ್ಲ. ಹಾಗಾಗಿ ಕೆಳಗಿನ ಬರಹದಲ್ಲಿ ತಡೆಯುವುದರ ಜೊತೆಗೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಕೊಡಗಿನಲ್ಲಿ ಈ ಕೆಲಸಕ್ಕೆ ಎರಡು ಬಿರುಸಿನ ಕಾಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಗ ಮಕ್ಕಳ ಸಂಖ್ಯೆ ಏರುತ್ತದೆ, ಅಂಗಳದ ತುಂಬ ಕಾಫಿ ಹರಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಕ್ಕಳು ಹೊರಗೆ ಕಾಲಿಡುವಂತಿಲ್ಲ, ಅವರ ಚೈತನ್ಯವೆಲ್ಲ ಸೋಫಾ, ಬಾಗಿಲು, ನಲ್ಲಿಗಳ ಮೇಲೆ. ಮನೆ ಸಜ್ಜು ಮಾಡುವ ಕೆಲಸವನ್ನು ಏಪ್ರಿಲ್–ಮೇನಲ್ಲೇ ಮುಗಿಸಿಡಿ.

ಮನೆಯನ್ನು ಎರಡು ಭಾಗ ಮಾಡಿ

ಇಡೀ ಮನೆಯನ್ನು ಮಕ್ಕಳಿಗೆ ತಕ್ಕಂತೆ ಮಾಡಲು ಹೊರಟರೆ ಯಾವುದೂ ಸರಿಯಾಗುವುದಿಲ್ಲ. ಒಂದು ಕೋಣೆ, ಒಂದು ಬಚ್ಚಲು, ಸಾಧ್ಯವಾದರೆ ಜಗಲಿ, ಇಷ್ಟು ಮಕ್ಕಳದ್ದು. ಉಳಿದದ್ದು ಮನೆಯವರದ್ದು. ನಡುವೆ ಒಂದು ಅರೆಬಾಗಿಲು ಬೇಕು. ತೋಟದಲ್ಲಿ ಕಡಿದ ಒಣ ಸಿಲ್ವರ್ ಓಕ್ ಹಲಗೆ ಇದ್ದರೆ ಊರಿನ ಆಚಾರಿಯೇ ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಅಳತೆ ಹೀಗಿರಲಿ: ಎತ್ತರ 75ರಿಂದ 80 ಸೆಂ.ಮೀ., ಪಟ್ಟಿಗಳು ನೆಟ್ಟಗೆ, ಎರಡು ಪಟ್ಟಿಯ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ಅಡ್ಡಪಟ್ಟಿ ಹೊಡೆಸಿದರೆ ಅದು ಏಣಿಯಾಗುತ್ತದೆ. ಕೊಂಡಿ ದೊಡ್ಡವರ ಕಡೆಗೆ, ಕೆಳಗೆ ಇರಲಿ. ಮಗು ಮೇಲಿನಿಂದ ಕೈ ಇಳಿಸಿದರೆ ಸಿಗಬಾರದು.

ಆಮೇಲೆ ಮಂಡಿಯೂರಿ ಆ ಕೋಣೆಯನ್ನು ಒಂದು ಸುತ್ತು ಬನ್ನಿ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂ.ಮೀ.; ಕೈ ಎತ್ತಿದರೆ 115 ಸೆಂ.ಮೀ. ಆಸುಪಾಸು. ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಹತ್ತಿದರೆ ಇನ್ನೊಂದು 45 ಸೆಂ.ಮೀ. ಸೇರುತ್ತದೆ. ಅಂದರೆ ಐದೂಕಾಲು ಅಡಿಗಿಂತ ಕೆಳಗೆ ಇಟ್ಟದ್ದೆಲ್ಲ ಮಗುವಿನ ಕೈಗೆ ಸಿಗುವಂಥದ್ದೇ. "ಮೇಲೆ ಇಟ್ಟಿದ್ದೆ" ಅನ್ನುವ ಮಾತಿಗೆ ಈ ಅಳತೆಯೇ ಉತ್ತರ.

ಇದೇ ಸುತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೋ ಮಾಡಿ: ನೆಲ, ನಾಲ್ಕು ಗೋಡೆ, ಬಾಗಿಲು, ಕಿಟಕಿಯ ಜಾಲರಿ, ಸೋಫಾ, ಟಿವಿ (ಚಾಲೂ ಮಾಡಿ, ಪರದೆ ತೋರಿಸಿ), ಬಚ್ಚಲಿನ ಸಿಂಕು. ಈಗಾಗಲೇ ಇರುವ ಬಿರುಕು, ಕಲೆಗಳನ್ನು ಹತ್ತಿರದಿಂದ ತೆಗೆಯಿರಿ. ಯಾವುದು ಹಳೆಯದು, ಯಾವುದು ಹೊಸದು ಎಂಬ ಜಗಳ ಮುಂದೆ ಬಂದಾಗ ಈ ಐದು ನಿಮಿಷದ ವಿಡಿಯೋ ನಿಮ್ಮ ವಿರುದ್ಧವೂ ಸಾಕ್ಷಿ ಹೇಳುತ್ತದೆ, ಪರವಾಗಿಯೂ ಹೇಳುತ್ತದೆ. ಪ್ರತಿ ಜೂನ್‌ಗೆ ಹೊಸದಾಗಿ ಮಾಡಿ.

ಬೀಗದೊಳಗೆ ಹೋಗಬೇಕಾದವು

ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಗೋಡೆಗೆ ತೂಗುಹಾಕುವ ಮನೆಗಳು ಇನ್ನೂ ಇವೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ ನಿಜ, ಆದರೆ ಬೇರೆಯವರ ಮಕ್ಕಳು ಬರುವ ಮನೆಯಲ್ಲಿ ಗೋಡೆಯ ಗೂಟ ಅದಕ್ಕೆ ಜಾಗವಲ್ಲ. ಕೋವಿ ಉಕ್ಕಿನ ಬೀರುವಿನಲ್ಲಿ, ತೋಟೆಗಳು ಬೇರೆ ಕೋಣೆಯಲ್ಲಿ, ಎರಡು ಬೀಗ, ಎರಡು ಕೀಲಿ. ಕೈಲ್‌ಪೊಳ್ದ್‌ಗೆ ಆಯುಧ ಹೊರತೆಗೆದು ಪೂಜೆಗಿಡುವ ದಿನ ಮತ್ತು ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಡೇ ಕೇರ್‌ಗೆ ರಜೆ ಅಂತ ವರ್ಷದ ಮೊದಲೇ ಬರೆದುಕೊಡಿ.

ಎರಡನೆಯದು ಮೈಲುತುತ್ತು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಚೀಲದಿಂದ ಬಿದ್ದ ಒಂದು ಹರಳು ಸಾಕು: ನೀಲಿ ಬಣ್ಣ, ಕಲ್ಲುಸಕ್ಕರೆಯ ಆಕಾರ, ವಿಷ. ಸುಣ್ಣ, ಮೈಲುತುತ್ತು, ಕಳೆನಾಶಕಗಳನ್ನು ಮನೆಗೆ ಅಂಟಿದ ಕೊಟ್ಟಿಗೆಯಿಂದಲೂ ತೆಗೆದು ಬೀಗ ಹಾಕುವ ಗೋದಾಮಿಗೆ ಸಾಗಿಸಿ.

ಇನ್ನು ಕಣದ ಕಾಫಿ. ಮಕ್ಕಳು ಓಡಾಡಿದರೆ ಅರೆ ಒಣಗಿದ ಹಣ್ಣು ಜಜ್ಜಿಹೋಗುತ್ತದೆ, ಪೈಪು ಹಿಡಿದು ಆಡಿದರೆ ಒಣಗಿದ್ದು ಮತ್ತೆ ನೆನೆದು ಬೂಸ್ಟಿಗೆ ದಾರಿಯಾಗುತ್ತದೆ. ಅದಕ್ಕಿಂತ ನಷ್ಟದ ಆಟ ಒಂದಿದೆ: ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ) ರಾಶಿಯಿಂದ ಬೊಗಸೆಗಟ್ಟಲೆ ತಂದು ಚೆರ್ರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ರಾಶಿಗೆ ಸುರಿಯುವುದು. ಬೆರೆತ ಕಾಫಿಯನ್ನು ಬೇರ್ಪಡಿಸಲು ಒಬ್ಬ ಆಳಿನ ಇಡೀ ದಿನ ಬೇಕು; ಬೇರ್ಪಡಿಸದಿದ್ದರೆ ಒಳ್ಳೆಯ ಸರಕಿನ ದರವೂ ಇಳಿಯುತ್ತದೆ. ಕಣದ ಸುತ್ತ ಮೂರು ಅಡಿ ಎತ್ತರಕ್ಕೆ ಶೇಡ್ ನೆಟ್ ಕಟ್ಟಿ, ಹೊರಗಿನ ನಲ್ಲಿಯ ಹಿಡಿ ಬಿಚ್ಚಿ ಒಳಗಿಡಿ.

ಗೋಡೆಗೆ ಬಿಗಿಯುವ ಕೆಲಸ

ಟಿವಿ ಎರಡು ರೀತಿ ಹಾಳಾಗುತ್ತದೆ. ಸ್ಟ್ಯಾಂಡಿನಿಂದ ಎಳೆದುಕೊಳ್ಳುವುದು ಒಂದು. ಅದರಲ್ಲಿ ಟಿವಿಗಿಂತ ಮಗುವಿನ ತಲೆಯ ಚಿಂತೆ. ಎರಡನೆಯದು ಎಸೆದ ಆಟಿಕೆ. ಎಲ್‌ಇಡಿ ಪರದೆಯ ಹೊರಗೆ ಏನೂ ಕಾಣದಿದ್ದರೂ ಒಳಗಿನ ಗಾಜು ಬಿರಿದು ಬಣ್ಣದ ಗೆರೆ, ಕಪ್ಪು ಮಸಿ ಹರಡುತ್ತದೆ. ಇದನ್ನು ವಾರಂಟಿ ಒಪ್ಪುವುದಿಲ್ಲ. ಪ್ಯಾನೆಲ್ ಬದಲಿಸುವ ಖರ್ಚು ಸಾಮಾನ್ಯವಾಗಿ ಹೊಸ ಟಿವಿಯ ಬೆಲೆಯ ಅರ್ಧವನ್ನೂ ದಾಟುವುದರಿಂದ ಬಹುಪಾಲು ರಿಪೇರಿಗೇ ಅರ್ಥವಿರುವುದಿಲ್ಲ.

ಮಕ್ಕಳ ಕೋಣೆಯಲ್ಲಿ ಟಿವಿ ಬೇಡವೇ ಬೇಡ ಅನ್ನುವುದು ಅಗ್ಗದ ದಾರಿ. ಇಡಲೇಬೇಕಾದರೆ ಕೆಳ ಅಂಚು ಐದೂವರೆ ಅಡಿಗೆ ಬರುವಂತೆ ಗೋಡೆಗೆ ಬಿಗಿದು, ಮುಂದೆ 3 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ ಹಾಕಿಸಿ. ಗೋಡೆ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಸಾಲಿಡ್ ಬ್ಲಾಕ್ ಅಥವಾ ಸುಟ್ಟ ಇಟ್ಟಿಗೆಯಾದರೆ 8 ಮಿ.ಮೀ. ತೂತಿಗೆ 8 ಮಿ.ಮೀ. ನೈಲಾನ್ ಪ್ಲಗ್, ಕನಿಷ್ಠ 50 ಮಿ.ಮೀ. ಉದ್ದದ ಸ್ಕ್ರೂ, ತೂತಿನ ಪುಡಿಯನ್ನು ಊದಿ ತೆಗೆಯದಿದ್ದರೆ ಪ್ಲಗ್ ಪೂರ್ತಿ ಕೂರದು. ಹಳೆಯ ಮನೆಗಳ ಮಣ್ಣಿನ ಗೋಡೆಯಲ್ಲಿ ಇದು ನಿಲ್ಲುವುದಿಲ್ಲ. ಗಾರೆ ಗಟ್ಟಿ ಅನ್ನಿಸುತ್ತದೆ, ಒಳಗೆ ಬಿಟ್ ಹೋದ ಕೂಡಲೇ ಮಣ್ಣು ಉದುರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಡಿಲ. ಅಂಥ ಗೋಡೆಯಲ್ಲಿ ಬಾಗಿಲ ಚೌಕಟ್ಟಿನ ಮರಕ್ಕೋ ತೊಲೆಗೋ ಹಲಗೆ ಬಿಗಿದು, ಭಾರವನ್ನು ಆ ಹಲಗೆಗೆ ಕೊಡಿ.

ಬೀರು, ಪುಸ್ತಕದ ಕಪಾಟು, ಡ್ರಾಯರ್ ಇರುವ ಮೇಜು ಇವಕ್ಕೂ ಮೇಲ್ತುದಿಯಲ್ಲಿ ಎರಡೆರಡು ಎಲ್ ಆಕಾರದ ಪಟ್ಟಿ. ಮಕ್ಕಳು ಡ್ರಾಯರ್‌ಗಳನ್ನು ಮೆಟ್ಟಿಲ ಹಾಗೆ ಒಂದೊಂದಾಗಿ ಎಳೆದು ಹತ್ತುತ್ತಾರೆ. ಮೂರು ಡ್ರಾಯರ್ ಹೊರಬಂದರೆ ತೂಕವೆಲ್ಲ ಮುಂದಕ್ಕೆ.

ಬಚ್ಚಲಿನ ಸಿಂಕು ಎರಡೇ ಬೋಲ್ಟಿನ ಮೇಲೆ ನಿಂತಿರುತ್ತದೆ. ಕೈ ತೊಳೆಯಲು ಎಟುಕದ ಮಗು ಅದರ ಅಂಚಿಗೆ ಜೋತುಬೀಳುತ್ತದೆ, ದಿನಕ್ಕೆ ಆರೇಳು ಸಲ. 15ರಿಂದ 20 ಸೆಂ.ಮೀ. ಎತ್ತರದ ಅಗಲ ಮಣೆ ಒಂದು ಇಟ್ಟರೆ ಸಿಂಕು ಉಳಿಯಿತು.

ಚಿಲಕದ ವಿಷಯ. ಮಕ್ಕಳ ಬಚ್ಚಲಿನ ಒಳಚಿಲಕ ಬಿಚ್ಚಿಬಿಡಿ, ಇಲ್ಲವೇ ಐದೂವರೆ ಅಡಿಗೆ ಏರಿಸಿ. ಎರಡು ವರ್ಷದ ಮಗುವಿಗೆ ಚಿಲಕ ಹಾಕಲು ಬರುತ್ತದೆ, ಹೆದರಿದಾಗ ತೆಗೆಯಲು ಬರುವುದಿಲ್ಲ. ಆಗ ಬಾಗಿಲು ಒಡೆಯುವವರ ಭುಜದ ಹೊಡೆತಕ್ಕೆ ಚಿಲಕವಷ್ಟೇ ಅಲ್ಲ, ಚೌಕಟ್ಟಿನ ಮರವೂ ಸೀಳುತ್ತದೆ. ಹಾಗೆ ಸಿಕ್ಕಿಕೊಂಡದ್ದೇ ಆದರೆ ಒದೆಯುವ ಮೊದಲು ಕಿಟಕಿ ನೋಡಿ. ಕೀಲುಗಳು ಹೊರಗಡೆ ಇದ್ದರೆ ಅದರ ಪಿನ್ನುಗಳನ್ನು ಮೊಳೆ, ಸುತ್ತಿಗೆಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟಿ ತೆಗೆಯಬಹುದೇ ನೋಡಿ. ಒಬ್ಬರು ಮಗುವಿನ ಜೊತೆ ಮಾತಾಡುತ್ತಲೇ ಇರಲಿ.

ನೀರು ಮತ್ತು ಕರೆಂಟು

ಕರೆಂಟು ಹೋಗಿ ಟ್ಯಾಂಕ್ ಖಾಲಿಯಾದಾಗ ಮಗು ನಲ್ಲಿ ತಿರುಗಿಸುತ್ತದೆ, ನೀರು ಬರುವುದಿಲ್ಲ, ಹಾಗೇ ಬಿಟ್ಟು ಹೋಗುತ್ತದೆ. ಕರೆಂಟು ಬಂದು ಪಂಪು ಓಡಿದಾಗ ಎಲ್ಲರೂ ಮಲಗಿರುತ್ತಾರೆ. ನಿಮಿಷಕ್ಕೆ 8 ಲೀಟರ್ ಹರಿಯುವ ನಲ್ಲಿ 1,000 ಲೀಟರ್ ಟ್ಯಾಂಕನ್ನು ಎರಡು ಗಂಟೆಯಲ್ಲಿ ಬರಿದು ಮಾಡುತ್ತದೆ. ಸಿಂಕಿನ ಬಾಯಿಗೆ ಬಟ್ಟೆ ಸಿಕ್ಕಿದ್ದರೆ ಅಷ್ಟೂ ನೀರು ನೆಲದ ಮೇಲೆ. ಮಕ್ಕಳ ನಲ್ಲಿಯ ಕೆಳಗಿನ ಆಂಗಲ್ ಕಾಕನ್ನು (ನೀರು ತಡೆಯುವ ತಿರುಪು) ಮುಕ್ಕಾಲು ಭಾಗ ಮುಚ್ಚಿ, ಬೆರಳು ಗಾತ್ರದ ಧಾರೆ ಸಾಕು. ಒತ್ತಿದರೆ ಬಂದು ತಾನೇ ನಿಲ್ಲುವ ನಲ್ಲಿ ಹಾಕಿಸಿದರೆ ಇನ್ನೂ ನೆಮ್ಮದಿ.

ಇನ್ವರ್ಟರ್ ಬ್ಯಾಟರಿ ಟ್ರಾಲಿಯನ್ನು ಮಕ್ಕಳು ಗಾಡಿ ಅಂತಲೇ ತಿಳಿಯುತ್ತಾರೆ. ಅದು ಮಕ್ಕಳ ಭಾಗದಲ್ಲಿ ಇರಕೂಡದು. ಜಾಗವೇ ಇಲ್ಲದಿದ್ದರೆ ಗಾಳಿಯಾಡುವ ಮರದ ಪೆಟ್ಟಿಗೆ ಕಟ್ಟಿಸಿ ಬೀಗ ಹಾಕಿ. ಆ್ಯಸಿಡ್ ಚೆಲ್ಲಿದರೆ ಮಕ್ಕಳನ್ನು ಹೊರಗೆ ಕಳಿಸಿ, ರಬ್ಬರ್ ಗ್ಲೌಸ್ ಹಾಕಿಕೊಂಡು, ನೊರೆ ಏಳುವುದು ನಿಲ್ಲುವ ತನಕ ಅಡುಗೆ ಸೋಡಾ ಉದುರಿಸಿ, ಆಮೇಲೆ ನೀರು. ಎಲೆಕ್ಟ್ರಿಷಿಯನ್ ಬಂದಾಗ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇದೆಯೇ ಕೇಳಿ, ಇಲ್ಲದಿದ್ದರೆ ಹಾಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ಕಮೋಡು ಕಟ್ಟಿದಾಗ

ದುಡ್ಡು ಹೆಚ್ಚು ಹೋಗುವುದೂ, ಕೈಯಾರೆ ಉಳಿಸಲು ಸಾಧ್ಯವಿರುವುದೂ ಇಲ್ಲೇ.

ಮೊದಲು ಫ್ಲಶ್ ಮುಟ್ಟಬೇಡಿ. ಟ್ಯಾಂಕಿನ ಪಕ್ಕದ ಆಂಗಲ್ ಕಾಕನ್ನು ಬಲಕ್ಕೆ ತಿರುಗಿಸಿ ಮುಚ್ಚಿ, ಬೇರೆ ಯಾರೂ ಒತ್ತದಂತೆ. ಆಟಿಕೆ ಬುಟ್ಟಿ ಎಣಿಸಿ. (ಬೆಳಗ್ಗೆ ಎಣಿಸಿಡುವ ಅಭ್ಯಾಸ ಇದ್ದರೆ ಈಗ ಉಪಯೋಗಕ್ಕೆ ಬಂತು.) ಮಗುವನ್ನು ಗದರಿಸಿದರೆ ಏನು ಹಾಕಿದೆ ಅಂತ ಬಾಯಿಬಿಡುವುದಿಲ್ಲ, "ಕಾರು ಈಜಲು ಹೋಯ್ತಾ ಪುಟ್ಟಾ, ಚೆಂಡು ಹೋಯ್ತಾ?" ಅಂತ ಕೇಳಿದರೆ ತಾನೇ ತೋರಿಸುತ್ತದೆ. ಏನು ಒಳಗೆ ಹೋಗಿದೆ ಎನ್ನುವುದರ ಮೇಲೆ ಮುಂದಿನ ಕೆಲಸ ನಿಂತಿದೆ.

ನೀರು ಅಂಚಿಗೆ ಬಂದಿದ್ದರೆ ಮಗ್‌ನಿಂದ ಬಕೆಟಿಗೆ ತೋಡಿ. ಉದ್ದ ಗ್ಲೌಸ್ ಹಾಕಿ, ಟಾರ್ಚ್ ಹಿಡಿದು, ಮೊದಲ ತಿರುವಿನವರೆಗೆ ಕೈ ಹಾಕಿ. ಒಂದು ಗೇಣಿನಷ್ಟು ಒಳಗೆ ಕೈ ಹೋಗುತ್ತದೆ. ಎಷ್ಟೋ ವಸ್ತು ಅಲ್ಲೇ ಕೂತಿರುತ್ತದೆ.

ಕೈಗೆ ಸಿಗದಿದ್ದರೆ:

1. ಕಾಗದ, ಬಟ್ಟೆ, ವೈಪ್ಸ್‌ನಂಥ ಮೆತ್ತನೆಯದಾದರೆ ರಬ್ಬರ್ ಪ್ಲಂಜರ್. ರಬ್ಬರ್ ಮುಳುಗುವಷ್ಟು ನೀರು ಇರಬೇಕು. ಮೆಲ್ಲಗೆ ಒತ್ತಿ, ರಭಸದಿಂದ ಎಳೆಯಿರಿ, 15–20 ಸಲ. ಕೆಲಸ ಮಾಡುವುದು ಎಳೆತ, ಒತ್ತಲ್ಲ.
2. ಚೆಂಡು, ಕಾರು, ಸೋಪಿನ ಡಬ್ಬಿಯಂಥ ಗಟ್ಟಿಯದಕ್ಕೆ ಪ್ಲಂಜರ್ ಬೇಡವೇ ಬೇಡ. ತಿರುವಿನಲ್ಲಿದ್ದದ್ದು 4 ಇಂಚಿನ ಪೈಪಿಗೆ ಇಳಿದರೆ ನೆಲ ಅಗೆಯಬೇಕಾಗುತ್ತದೆ. ತಿರುಗಿಸುವ ಹಿಡಿಯುಳ್ಳ ಸ್ಪ್ರಿಂಗ್ ತಂತಿ ತರಿಸಿ. ಅಥವಾ ಗಟ್ಟಿ ತಂತಿಯ ತುದಿಯನ್ನು ಕೊಕ್ಕೆ ಮಾಡಿ, ಪಿಂಗಾಣಿ ಗೀರದಂತೆ ಬಟ್ಟೆ ಸುತ್ತಿ, ವಸ್ತುವಿನ ಆಚೆಗೆ ತೂರಿಸಿ ಈಚೆಗೆ ಎಳೆಯಿರಿ.
3. ಡೈಪರ್ ಆದರೆ ಅದರೊಳಗಿನ ಹರಳು ನೀರು ಕುಡಿದು ಜೆಲ್ಲಿಯಾಗಿ ಊದಿಕೊಂಡಿರುತ್ತದೆ. ಎರಡು ಹಿಡಿ ಉಪ್ಪು, ಮೇಲೆ ಒಂದು ಚೊಂಬು ಉಗುರುಬೆಚ್ಚಗಿನ ನೀರು ಹಾಕಿ ಒಂದು ಗಂಟೆ ಬಿಡಿ. ಉಪ್ಪಿಗೆ ಆ ಜೆಲ್ಲಿ ನೀರು ಬಿಟ್ಟು ಕುಗ್ಗುತ್ತದೆ. ಆಗ ಕೊಕ್ಕೆಯಿಂದ ಹೊದಿಕೆ ಹಿಡಿದೆಳೆಯಬಹುದು. ಕುದಿಯುವ ನೀರು ಹಾಕಿದರೆ ಕಮೋಡೇ ಬಿರಿಯುತ್ತದೆ.

ಟಾಯ್ಲೆಟ್ ಆ್ಯಸಿಡ್ ಸುರಿಯುವುದರಿಂದ ಪ್ಲಾಸ್ಟಿಕ್ಕೂ ಕರಗದು, ಡೈಪರೂ ಕರಗದು. ಆಮೇಲೆ ಕೈ ಹಾಕುವ ಪ್ಲಂಬರಿನ ಚರ್ಮ ಸುಡುತ್ತದೆ, ಅಷ್ಟೆ. ಆ್ಯಸಿಡ್ ಮೇಲೆ ಬ್ಲೀಚಿಂಗ್ ಪುಡಿ ಹಾಕಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನೂ ಬಿಡದಿದ್ದರೆ ಹೊರಗಿನ ಛೇಂಬರಿನ ಮುಚ್ಚಳ ತೆಗೆದು ನೋಡಿ. ಛೇಂಬರ್ ಖಾಲಿ ಇದ್ದರೆ ಅಡಚಣೆ ಕಮೋಡಿಗೂ ಛೇಂಬರಿಗೂ ನಡುವೆ. ಛೇಂಬರ್ ತುಂಬಿದ್ದರೆ ಅಡಚಣೆ ಅದರಾಚೆ. ಜುಲೈ–ಆಗಸ್ಟ್‌ನಲ್ಲಿ ಇಂಗುಗುಂಡಿಯ ಸುತ್ತಲಿನ ಮಣ್ಣೇ ನೀರು ಕುಡಿದು ಕೂತಿರುತ್ತದೆ, ಗುಂಡಿ ಇಂಗುವುದಿಲ್ಲ, ಬಚ್ಚಲ ನೀರೂ ನಿಧಾನವಾಗಿ ಹೋಗುತ್ತದೆ. ಆ ತೊಂದರೆಯನ್ನು ಯಾವ ಮಗುವಿನ ತಲೆಗೂ ಕಟ್ಟಬೇಡಿ. ಕಮೋಡ್ ಕಿತ್ತು ತೆಗೆಯುವುದು ಕೊನೆಯ ದಾರಿ. ಬಿಳಿ ಸಿಮೆಂಟಿನಲ್ಲಿ ಕೂರಿಸಿದ್ದಾದರೆ ಕೀಳುವಾಗ ಬುಡ ಒಡೆಯುವ ಸಂಭವ ಇದೆ ಅಂತ ಪ್ಲಂಬರಿನ ಹತ್ತಿರ ಮೊದಲೇ ಮಾತಾಡಿ, ಮತ್ತೆ ಕೂರಿಸುವಾಗ ಸ್ಕ್ರೂ ಹಾಕಿಸಿ.

ಡೈಪರ್ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹೋಗಿದ್ದರೂ ಇದೇ ಉಪ್ಪಿನ ಉಪಾಯ. ಮೊದಲು ಬಟ್ಟೆಗಳನ್ನು ಹೊರಗೆ ಕೊಡವಿ, ಡ್ರಮ್ಮಿನ ಜೆಲ್ಲಿಯನ್ನು ಕೈಯಿಂದ ಬಳಿದು, ಫಿಲ್ಟರ್ ಬಿಚ್ಚಿ ತೊಳೆದು, ಆಮೇಲೆ ಅರ್ಧ ಲೋಟ ಉಪ್ಪು ಹಾಕಿ ಖಾಲಿ ಮೆಷಿನ್ ಓಡಿಸಿ.

ಮಳೆಗಾಲದಲ್ಲಿ ಒದ್ದೆಯಾದ ಹಾಸಿಗೆ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಬಯಲುಸೀಮೆಯಲ್ಲಿ ಒಂದು ಬಿಸಿಲಿಗೆ ಮುಗಿಯುವ ಕೆಲಸ ಇಲ್ಲಿ ಹಾಸಿಗೆಯ ಆಯುಸ್ಸನ್ನೇ ತೀರಿಸುತ್ತದೆ. ಮನೆಯವರು ಮಲಗುವ ಹಾಸಿಗೆಯಲ್ಲಿ ಡೇ ಕೇರ್ ಮಕ್ಕಳನ್ನು ಮಲಗಿಸದಿರುವುದೇ ಮೊದಲ ನಿಯಮ. ಎರಡು ಇಂಚಿನ ಫೋಮಿಗೆ ರೆಕ್ಸಿನ್ ಕವರ್ ಹೊಲಿಸಿ, ಮಗುವಿಗೊಂದರಂತೆ ಹೆಸರು ಬರೆದಿಡಿ. ಹೊಲಿಗೆ ಅಡಿಭಾಗಕ್ಕೆ ಬರಲಿ; ಬದಿಯ ಹೊಲಿಗೆಯ ತೂತುಗಳಿಂದಲೇ ಉಚ್ಚೆ ಒಳಗಿಳಿಯುವುದು.

ದೊಡ್ಡ ಹಾಸಿಗೆಯೇ ಒದ್ದೆಯಾಯಿತು ಅನ್ನಿ. ಉಜ್ಜಬೇಡಿ, ನೀರು ಸುರಿಯಬೇಡಿ. ಒಣ ಟವೆಲ್ ಮಡಿಸಿ ಇಟ್ಟು ಮೇಲೆ ನಿಲ್ಲಿ. ಟವೆಲ್ ಬದಲಿಸುತ್ತ ಹೋಗಿ, ಒಣದಾಗಿ ಬರುವ ತನಕ. ಆಮೇಲೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ತಣ್ಣೀರು ಬೆರೆಸಿ ತೆಳ್ಳಗೆ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ ಹೀರಿಸಿ. ಮೇಲೆ ಅಡುಗೆ ಸೋಡಾ ದಟ್ಟವಾಗಿ ಉದುರಿಸಿ ಎಂಟು ಗಂಟೆ ಬಿಟ್ಟು ಬ್ರಷ್‌ನಿಂದ ತೆಗೆಯಿರಿ. ಬ್ಲೀಚ್ ಹಾಕುವಂತಿಲ್ಲ, ಉಚ್ಚೆಯ ಅಮೋನಿಯಾದ ಜೊತೆ ಸೇರಿ ಕೆಟ್ಟ ಅನಿಲವಾಗುತ್ತದೆ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್.

ಒಣಗಿಸುವಾಗ ಹಾಸಿಗೆಯನ್ನು ಎರಡು ಕುರ್ಚಿಗೆ ಒರಗಿಸಿ ಅಡ್ಡ ನಿಲ್ಲಿಸಿ, ಎರಡೂ ಬದಿಗೆ ಟೇಬಲ್ ಫ್ಯಾನ್, ಇಡೀ ದಿನ. ಬಚ್ಚಲ ಒಲೆಯ ಪಕ್ಕದಲ್ಲೋ ಅಗ್ಗಿಷ್ಟಿಕೆಯ ಹತ್ತಿರವೋ ಬಟ್ಟೆ ಒಣಗಿಸುವ ರೂಢಿ ಫೋಮಿಗೆ ಸಲ್ಲದು. ಕಿಡಿ ತಾಗಿದರೆ ಕ್ಷಣದಲ್ಲಿ ಉರಿದು ಕರಿ ಹೊಗೆ ಕಕ್ಕುತ್ತದೆ. 48 ಗಂಟೆಯ ಮೇಲೂ ಒಳತಿರುಳು ತಣ್ಣಗಿದ್ದು ಮಣ್ಣಿನ ವಾಸನೆ ಬಂದರೆ ಬೂಸ್ಟು ಒಳಗೆ ಹಿಡಿದಿದೆ. ನಾರಿನ ಹಾಸಿಗೆ ಆಗ ಬಿಸಾಡಲೇಬೇಕು. ಹತ್ತಿ ಹಾಸಿಗೆಯನ್ನು ಡಿಸೆಂಬರ್ ಬಿಸಿಲಿಗೆ ಬಿಚ್ಚಿ, ಹತ್ತಿ ಹಿಂಜಿಸಿ ಹೊಸದಾಗಿ ಹೊಲಿಸಬಹುದು.

ಕಾವಿ ನೆಲ, ಗೋಡೆ, ಬೀಟೆ ಮೇಜು

ಕೆಂಪು ಕಾವಿ (ರೆಡ್ ಆಕ್ಸೈಡ್) ನೆಲಕ್ಕೆ ಹುಳಿ ಶತ್ರು. ಅಡುಗೆಮನೆಯ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಾಟಲಿ ಉರುಳಿದರೆ ಒಂದು ನಿಮಿಷದೊಳಗೆ ಒಣ ಬಟ್ಟೆಯಿಂದ ಎತ್ತಬೇಕು; ಒದ್ದೆ ಬಟ್ಟೆಯಲ್ಲಿ ಸವರಿದರೆ ಅಂಗೈಯಗಲದ ಕಲೆ ಮೊಳದಗಲವಾಗುತ್ತದೆ. ಎತ್ತಿದ ಮೇಲೆ ಒಂದು ಮಗ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಒರೆಸಿ, ಬರೀ ನೀರಿನಲ್ಲಿ ಮತ್ತೊಮ್ಮೆ. ಹೊಳಪು ಸತ್ತು ಮಸುಕಾದ ಜಾಗ ಉಳಿದರೆ 400, 800, 1500 ನಂಬರಿನ ನೀರುಕಾಗದವನ್ನು (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಅದೇ ಕ್ರಮದಲ್ಲಿ ನೀರು ಹಾಕುತ್ತ ಸುತ್ತುಸುತ್ತಾಗಿ ಉಜ್ಜಿ, ಒಣಗಿಸಿ, ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ.

ಕುಟ್ಟಾಣಿ ಬಿದ್ದು ಚಕ್ಕೆ ಎದ್ದಿದ್ದರೆ ಆ ಜಾಗವನ್ನು ಚೌಕವಾಗಿ ಕತ್ತರಿಸಿ, ಒಂದು ಪಾಲು ಕಾವಿ ಪುಡಿಗೆ ಮೂರರಿಂದ ಐದು ಪಾಲು ಸಿಮೆಂಟ್ ಕಲಸಿ ಮೊದಲು ಹಳೆ ಹಂಚಿನ ಚೂರಿನ ಮೇಲೆ ಹಚ್ಚಿ ಒಣಗಿಸಿ ಬಣ್ಣ ನೋಡಿ. ಒಣಗಿದಾಗ ಬಣ್ಣ ತಿಳಿಯಾಗುತ್ತದೆ. ಹಾಕಿದ ಮೇಲೆ ಏಳು ದಿನ ನೀರುಣಿಸಿ. ಹಳೆಯ ನೆಲದ ಬಣ್ಣಕ್ಕೆ ಇದು ಎಂದೂ ಪೂರ್ತಿ ಹೊಂದುವುದಿಲ್ಲ. "ಗೊತ್ತೇ ಆಗಲ್ಲ" ಅಂತ ಯಾವ ಮೇಸ್ತ್ರಿ ಹೇಳಿದರೂ ನಂಬಬೇಡಿ. ತ್ರಿಚಕ್ರ ಸೈಕಲ್ ಒಳಗೆ ಓಡಿಸಲು ಬಿಡಬೇಡಿ. ಚಕ್ರಕ್ಕೆ ಅಂಟಿದ ಮರಳೇ ನೆಲ ಗೀರುವುದು. ಫೋಮ್ ಚಾಪೆ ಹಾಸಿದ್ದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಒಣಗಿಸಿ, ಅಡಿಯಲ್ಲಿ ಬೆವರಿದ ನೆಲ ಕಪ್ಪಾಗುತ್ತದೆ.

ಗೋಡೆಯ ಗೀಚಿಗೆ ಮೊದಲು ಬಣ್ಣ ಯಾವುದು ನೋಡಬೇಕು. ಸುಣ್ಣ, ಡಿಸ್ಟೆಂಪರ್ ಆದರೆ ಒರೆಸಿದಷ್ಟೂ ಬಣ್ಣವೇ ಏಳುತ್ತದೆ, ಸುಮ್ಮನೆ ಬಿಟ್ಟು ಬೇಸಿಗೆಗೆ ಬಳಿಸಿ. ಎಮಲ್ಷನ್ ಆದರೆ ಮೇಣದ ಕ್ರೇಯಾನನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಪಾತ್ರೆ ತೊಳೆಯುವ ದ್ರಾವಣ ಹಾಕಿದ ಮೆತ್ತನೆ ಬಟ್ಟೆಯಿಂದ ಎತ್ತಿ. ಬಾಲ್‌ಪೆನ್ನಿಗೆ ಸ್ಪಿರಿಟ್, ಮೂಲೆಯಲ್ಲಿ ಪರೀಕ್ಷಿಸಿದ ಮೇಲೆ. ಮಾರ್ಕರ್ ಗೀಟಿನ ಮೇಲೆ ನೇರ ಬಣ್ಣ ಬಳಿದರೆ ಎರಡು ದಿನದಲ್ಲಿ ಮತ್ತೆ ಮೇಲೇಳುತ್ತದೆ. ಮೊದಲು ಆಯಿಲ್ ಪ್ರೈಮರ್ ಒಂದು ಕೈ ಕೊಡಬೇಕು. ಯಾವ ಬಣ್ಣವನ್ನೂ ಮಳೆಗಾಲದಲ್ಲಿ ಬಳಿಸಬೇಡಿ. ನಾಲ್ಕು ಅಡಿಯವರೆಗೆ ಎನಾಮಲ್ ಹೊಡೆಸಿಬಿಟ್ಟರೆ ಈ ಪ್ಯಾರಾದ ಬಹುಭಾಗ ಓದುವುದೇ ಬೇಡ.

ಬೀಟೆ, ತೇಗದ ಹಳೆಯ ಪೀಠೋಪಕರಣಕ್ಕೆ ಇರುವುದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ ಪಾಲಿಶ್. ಸ್ಯಾನಿಟೈಸರ್‌ನಲ್ಲಿ ಇರುವುದೂ ಆಲ್ಕೋಹಾಲೇ. ಗೋಡೆಗೆ ಔಷಧವಾದದ್ದು ಇಲ್ಲಿ ವಿಷ: ಒಂದು ಹನಿ ಬಿದ್ದು ಕೂತರೆ ಪಾಲಿಶ್ ಕರಗಿ ಬೆರಳಗುರುತು ಅಚ್ಚಾಗುತ್ತದೆ. ಕ್ರೇಯಾನಾದರೆ ಎರಡು ಹನಿ ಎಣ್ಣೆ, ಹತ್ತಿ ಬಟ್ಟೆ, ಅಷ್ಟೇ ಸಾಕು. ಇಂಥ ಮೇಜಿಗೆ ದಪ್ಪ ಬಟ್ಟೆಯ ಮೇಲೆ ರೆಕ್ಸಿನ್ ಹೊದಿಸಿ, ಇಲ್ಲವೇ ಅರೆಬಾಗಿಲಿನ ಆಚೆಗೆ ಸಾಗಿಸಿ.

ಮೊಬೈಲ್ ನೀರಿಗೆ ಬಿದ್ದರೆ ಆಫ್ ಮಾಡಿ, ಸಿಮ್ ಟ್ರೇ ಎಳೆದು, ಫ್ಯಾನಿನ ಎದುರು ಎರಡು ದಿನ. ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ದೂಳು ಸೇರುವುದು ಬಿಟ್ಟರೆ ಲಾಭ ಕಾಣೆ.

ಪೋಷಕರೊಂದಿಗೆ ಕರಾರು

ಕಾನೂನಿನ ಬುಡ ತಿಳಿದಿರಲಿ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲಾಗದು. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೂ ಅಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 20ನೇ ಸೆಕ್ಷನ್ ಹೇಳುತ್ತದೆ. ಮಗು ನಿಮ್ಮ ಕೈಯಲ್ಲಿದ್ದಾಗ ನೋಡಿಕೊಳ್ಳುವ ಹೊಣೆ ನಿಮ್ಮದು. ಬರೆದ ಒಪ್ಪಂದ ಇಲ್ಲದಿದ್ದರೆ ತಾಯಿತಂದೆಯಿಂದ ವಸೂಲಿಗೆ ಆಧಾರ ತೀರ ತೆಳು. "ಏನಾದರೂ ಒಡೆದರೆ ₹10,000 ದಂಡ" ಎಂದು ಬರೆಸಿಕೊಂಡರೂ ಪ್ರಯೋಜನ ಕಡಿಮೆ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರವನ್ನು, ಬರೆದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ.

ಹಾಗಾಗಿ ಒಂದು ಪುಟದ ಕರಾರಿನಲ್ಲಿ ಹಾನಿಯನ್ನು ಮೂರಾಗಿ ವಿಂಗಡಿಸಿ. ಮಾಮೂಲಿ ಸವೆತ, ಅಂದರೆ ಗೀಚು, ಲೋಟ, ಆಟಿಕೆ, ನಿಮ್ಮ ಖರ್ಚು. ಅಚಾತುರ್ಯದಿಂದಾದ ದೊಡ್ಡ ಹಾನಿ ಇಬ್ಬರ ನಡುವೆ ಅರ್ಧರ್ಧ, ಏಕೆಂದರೆ ಕಣ್ಣಿಡಬೇಕಿದ್ದವರು ನೀವು. ನೀವು ಬೇಡವೆಂದರೂ ಪೋಷಕರು ಕಳಿಸಿದ ವಸ್ತುವಿನಿಂದ ಆದದ್ದು (ಮಾರ್ಕರ್, ಕ್ರಿಕೆಟ್ ಚೆಂಡು) ಪೂರ್ತಿ ಅವರದ್ದು. ವಾಕ್ಯ ಹೀಗಿರಬಹುದು: "₹2,000 ಮೀರಿದ ಹಾನಿಗೆ ರಿಪೇರಿ ಬಿಲ್ಲಿನ ಅಥವಾ ವಸ್ತುವಿನ ಅಂದಿನ ಬೆಲೆಯ, ಯಾವುದು ಕಡಿಮೆಯೋ ಅದರ, ಅರ್ಧವನ್ನು ಪೋಷಕರು 30 ದಿನದೊಳಗೆ ಕೊಡುವುದು."

ಅಂದಿನ ಬೆಲೆ ಎಂದರೆ ಹೊಸದರ ಬೆಲೆಯಲ್ಲ. ₹30,000ಕ್ಕೆ ಕೊಂಡ ಟಿವಿಗೆ 8 ವರ್ಷ ಬಾಳಿಕೆ ಎಂದು ಇಬ್ಬರೂ ಮೊದಲೇ ಒಪ್ಪಿದ್ದರೆ, 3 ವರ್ಷ ಕಳೆದ ಮೇಲೆ ಉಳಿದ ಬೆಲೆ 30,000 × 5 ÷ 8 = ₹18,750. ಪೋಷಕರ ಪಾಲು ₹9,375. ಮಗುವನ್ನು ಸೇರಿಸಿಕೊಳ್ಳುವ ದಿನವೇ ಈ ಲೆಕ್ಕವನ್ನು ಉದಾಹರಣೆಯಾಗಿ ಬರೆದು ತೋರಿಸಿದರೆ ಆಮೇಲೆ ಚೌಕಾಸಿ ಇರುವುದಿಲ್ಲ.

ಇದಕ್ಕಿಂತ ನಯವಾದ ದಾರಿ ರಿಪೇರಿ ನಿಧಿ. ಮಗುವಿಗೆ ತಿಂಗಳಿಗೆ ₹100ರಂತೆ ಆರು ಮಕ್ಕಳಿಂದ ವರ್ಷಕ್ಕೆ ₹7,200. ಯಾವ ಮಗು ಮಾಡಿದ್ದು ಎಂಬ ಪತ್ತೆದಾರಿಕೆ ತಪ್ಪುತ್ತದೆ. ಇಬ್ಬರು ಮಕ್ಕಳು ಎಳೆದಾಡಿ ಮುರಿದಾಗ ಈ ತಪ್ಪಿದ ಜಗಳದ ಬೆಲೆ ತಿಳಿಯುತ್ತದೆ. ವರ್ಷದ ಕೊನೆಗೆ ಉಳಿದದ್ದನ್ನು ಲೆಕ್ಕ ತೋರಿಸಿ ಹಿಂದಿರುಗಿಸಿ.

ಬಾಡಿಗೆ ಮನೆಯಾದರೆ ಡೇ ಕೇರ್ ನಡೆಸಲು ಮಾಲೀಕರ ಒಪ್ಪಿಗೆ ಲಿಖಿತವಾಗಿ ಬೇಕು. ಇಲ್ಲದಿದ್ದರೆ ಒಂದು ಗೀಚಿಗೆ ಇಡೀ ಅಡ್ವಾನ್ಸ್ ಹೋದೀತು.

ಹಾನಿಯಾದ ದಿನ

ಮಗುವಿಗೆ ಪೆಟ್ಟಾಗಿದೆಯೇ ನೋಡಿ, ವಸ್ತು ಆಮೇಲೆ. ಸರಿಸುವ ಮುನ್ನ ಫೋಟೋ ತೆಗೆಯಿರಿ, ಸಮಯ ಬರೆದಿಡಿ. ತಾಯಿ ಕರೆದೊಯ್ಯಲು ಬಂದಾಗ ಮಗುವಿನ ಎದುರಿಗೂ ಬೇರೆ ಪೋಷಕರ ಎದುರಿಗೂ ಹೇಳಬೇಡಿ, ವಾಟ್ಸಾಪ್ ಗ್ರೂಪಿಗಂತೂ ಹಾಕಲೇಬೇಡಿ. ಪಕ್ಕಕ್ಕೆ ಕರೆದು ಇಷ್ಟೇ: "ಅಕ್ಕಾ, ಮೂರೂವರೆಗೆ ಚೆಂಡು ತಾಗಿ ಟಿವಿ ಪರದೆ ಹೋಯ್ತು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸ್ತಿದ್ದೆ. ನಾಳೆ ಮೆಕ್ಯಾನಿಕ್ ನೋಡಿ ಎಷ್ಟಾಗುತ್ತೆ ಹೇಳ್ತಾರೆ, ಬಿಲ್ ತೋರಿಸ್ತೀನಿ, ಆಮೇಲೆ ಮಾತಾಡೋಣ." ನೀವು ಎಲ್ಲಿದ್ದಿರಿ ಅನ್ನುವುದನ್ನು ಮುಚ್ಚಿಡಬೇಡಿ. ಆ ದಿನ ದುಡ್ಡಿನ ಮೊತ್ತ ಹೇಳಬೇಡಿ. ಬಾಯಿಗೆ ಬಂದ ಅಂದಾಜೇ ಮುಂದೆ ನಿಮ್ಮ ಮಾತಾಗಿ ಉಳಿಯುತ್ತದೆ. ಎರಡು ಕಡೆ ದರ ಕೇಳಿ, ಬಿಲ್ ಪಡೆದು, ಹಳೆಯ ಭಾಗವನ್ನು ಲೆಕ್ಕ ಮುಗಿಯುವ ತನಕ ಇಟ್ಟುಕೊಳ್ಳಿ.

ವಿಮೆ

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಸಿಡಿಲು, ನೆರೆ, ಭೂಕುಸಿತ, ಟ್ಯಾಂಕು–ಪೈಪು ಒಡೆದು ಆದ ಹಾನಿಗಳಿಗೆ ಇರುವಂಥದ್ದು. ಮಗು ಟಿವಿ ಒಡೆದದ್ದು ಆ ಪಟ್ಟಿಯಲ್ಲಿ ಬರುವುದಿಲ್ಲ. ಎಲೆಕ್ಟ್ರಾನಿಕ್ ವಸ್ತುಗಳಿಗೆ ಆಕಸ್ಮಿಕ ಹಾನಿಯ ಪ್ರತ್ಯೇಕ ರಕ್ಷಣೆ ಬೇಕು. ಕೊಳ್ಳುವಾಗಲೇ "ಪರದೆ ಒಡೆದರೆ ಸೇರುತ್ತದೆಯೇ" ಎಂದು ಕೇಳಿ. ಮನೆಯಲ್ಲಿ ಡೇ ಕೇರ್ ನಡೆಯುತ್ತದೆ ಎಂಬುದನ್ನು ವಿಮಾ ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ, ಅವರ ಉತ್ತರವನ್ನು ಪಾಲಿಸಿಯ ಜೊತೆಗೇ ಇಡಿ. ವಾಸದ ಮನೆ ಎಂದು ಬರೆಸಿ ಬೇರೆ ಬಳಕೆ ಮಾಡಿದ್ದು ಕ್ಲೇಮಿನ ಹೊತ್ತಿಗೆ ಹೊರಬಿದ್ದರೆ, ಮಕ್ಕಳಿಗೂ ಹಾನಿಗೂ ಸಂಬಂಧವೇ ಇಲ್ಲದ ಮಳೆಗಾಲದ ಗೋಡೆ ಕುಸಿತಕ್ಕೂ ತಕರಾರು ಬರಬಹುದು.